ಕುಕ್ಕರಿನಲ್ಲಿ ಅತ್ತರು

ನನ್ನ ವಿದ್ವತ್ತಿನ ಮೇಲೆ ನನ್ನ ಹೆಂಡತಿಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಬಣ್ಣದಂಗಡಿ ನಡೆಸಿ ನಡೆಸಿ ಕೂದಲು ನರೆತವನು ನಾನು (ಅಲ್ಲಲ್ಲಿ ಬಿಳಿ ಪೇಂಟೂ ಇರಬಹುದು). ಯಾವ ದ್ರವ ಯಾವುದನ್ನು ಕರಗಿಸುತ್ತದೆಂದು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಹೀಗಿರುವಾಗ ಅವಳ ಹುಟ್ಟುಹಬ್ಬಕ್ಕೆ ಅಂಗಡಿಯ ಅತ್ತರು ಏಕೆ? ಬಾಲ್ಕನಿಯ ಕುಂಡಗಳಲ್ಲಿ ಅವಳೇ ಬೆಳೆಸಿದ ನಿಂಬೆಹುಲ್ಲಿನಿಂದ ಸುಗಂಧತೈಲ ಇಳಿಸುತ್ತೇನೆಂದು ಘೋಷಿಸಿದೆ.

"ಹೋದ ವರ್ಷ ಕುಕ್ಕರ್ ಕೊಟ್ರಿ. ಈ ವರ್ಷ ನನ್ನ ಹುಲ್ಲನ್ನೇ ಕಿತ್ತು ನನಗೇ ಕೊಡ್ತೀರಾ?"

"ನೀನು ಸುಮ್ನೆ ನೋಡ್ತಾ ಇರು" ಎಂದೆ.

ಮೊದಲ ಕುಂಡದ ಹುಲ್ಲನ್ನು ಪೇಂಟ್ ತೆಳುಮಾಡುವ ಥಿನ್ನರಿನಲ್ಲಿ ನೆನೆಹಾಕಿ, ಸೋಸಿ, ತಟ್ಟೆಯಲ್ಲಿ ಆರಲು ಬಿಟ್ಟೆ. ಉಳಿದ ಅಂಟನ್ನು ಮೂಸಿದ ಮಹಾರಾಯ್ತಿ, "ಇದನ್ನ ನಾನು ಹಚ್ಕೋಬೇಕಾ, ಕಿಟಕಿಗೆ ಬಳೀಬೇಕಾ?" ಎಂದಳು. ಎರಡನೆಯ ಕುಂಡ ಸ್ಪಿರಿಟ್ಟಿಗೆ ಆಹುತಿಯಾಯಿತು. ಸ್ಪಿರಿಟ್ ಮಹಾ ಉದಾರಿ. ಪರಿಮಳದ ಜೊತೆ ಹುಲ್ಲಿನ ಹಸಿರನ್ನೂ ಎಳೆದು ತಂದಿತು. ಒಂದು ಹನಿ ಹಚ್ಚಿಕೊಂಡದ್ದಕ್ಕೇ ಅವಳ ಮುಂಗೈ ಪಾಚಿಗಟ್ಟಿದ ಹಾಗಾಯಿತು.

"ಕೊನೇ ಕುಂಡ ಮುಟ್ಟಿದ್ರೋ, ಇದೆ ನಿಮಗೆ!" ಎಂದವಳು ಸ್ನಾನಕ್ಕೆ ಹೋದದ್ದೇ ತಡ, ಕತ್ತರಿ ಆಡಿಸಿದೆ. ಈ ಸಲ ದ್ರವಗಳಿಗೆಲ್ಲ ಚಕ್ರವರ್ತಿಯಾದ ನೀರು! ಹುಲ್ಲು, ನೀರು ಕುಕ್ಕರಿಗೆ ಹಾಕಿ, ಸೀಟಿಯ ಜಾಗಕ್ಕೆ ನಳಿಕೆ ಸಿಕ್ಕಿಸಿ, ಅದನ್ನು ತಣ್ಣೀರಿನ ಬಕೆಟ್ಟಿನಲ್ಲಿ ಹಾಯಿಸಿ ಲೋಟಕ್ಕೆ ಇಳಿಬಿಟ್ಟೆ. ಹಬೆ ತಣಿದು ತೊಟ್ಟಿಕ್ಕಿತು. ಸ್ಫಟಿಕದಂಥ ತಿಳಿ! ಆದರೆ ಮೇಲೆ ಹಳದಿ ಜಿಡ್ಡು ತೇಲುತ್ತಿತ್ತು.

"ಏನೇ, ಒಂದು ಕುಕ್ಕರ್ ನೆಟ್ಟಗೆ ತೊಳೆಯೋಕೂ ಬರಲ್ವಾ ನಿನಗೆ?" ಎಂದು ಬಚ್ಚಲಿನ ಕಡೆ ಕೂಗಿ, ಆ ಜಿಡ್ಡನ್ನೆಲ್ಲ ಚಮಚದಲ್ಲಿ ಹುಷಾರಾಗಿ ತೆಗೆದು ಸಿಂಕಿಗೆ ಸುರಿದೆ. ಉಳಿದದ್ದನ್ನು ಚೆಂದದ ಸೀಸೆಗೆ ತುಂಬಿ ರಿಬ್ಬನ್ ಕಟ್ಟಿದೆ.

ತಲೆ ಒರೆಸಿಕೊಳ್ಳುತ್ತ ಬಂದವಳು ಸೀಸೆ ಮೂಸಿ, "ಆರಿದ ಕಷಾಯ" ಎಂದಳು. ಆಮೇಲೆ ಮೂಗರಳಿಸಿ ಸಿಂಕಿನತ್ತ ಹೋಗಿ ಕಣ್ಮುಚ್ಚಿ ನಿಂತಳು.

"ಅಬ್ಬಾ, ಎಂಥಾ ಘಮ! ಇಲ್ಲಿಗೆ ಏನು ಸುರಿದ್ರಿ?"

"ನಿನ್ನ ಕುಕ್ಕರಿನ ಜಿಡ್ಡು."

"ಅಯ್ಯೋ ನನ್ನ ಕರ್ಮವೇ! ನೀರಿನ ಮೇಲೆ ತೇಲೋದು ಎಣ್ಣೆ ಅಲ್ದೆ ಇನ್ನೇನ್ರೀ?"

ಸಿಂಕಿಗೆ ಬಗ್ಗಿ ನೋಡಿದೆ, ಒಂದು ಹನಿಯೂ ಉಳಿದಿರಲಿಲ್ಲ. ಅವಳು ಬೋಳು ಕುಂಡಗಳನ್ನು ನೋಡಿದಾಗಲಂತೂ ನಿಜಕ್ಕೂ ನಾಚಿಕೆಯಾಯಿತು.

"ಹೋಗ್ಲಿ ಬಿಡಿ, ಉಡುಗೊರೆ ನಾನೇ ಆರಿಸ್ಕೋತೀನಿ. ನನಗೆ ತೊಳೆಯೋಕೆ ಬರಲ್ಲ ಅಂದ್ರಲ್ಲ? ಹುಲ್ಲು ಮತ್ತೆ ಎತ್ತರ ಬೆಳೆಯೋವರೆಗೆ ಪಾತ್ರೆಯೆಲ್ಲ ನಿಮ್ಮದೇ."

ಹುಲ್ಲು ತಾನೇ, ವಾರದಲ್ಲಿ ಬೆಳೆದೀತು ಎಂದು ಧೈರ್ಯವಾಗಿ ಒಪ್ಪಿದೆ. ಸಿಂಕಿನ ಘಮ ಯಾವತ್ತೋ ಹೋಯಿತು. ಹುಲ್ಲೂ ಪಾಪ ಚಿಗುರುತ್ತಲೇ ಇದೆ. ಬೆರಳುದ್ದ ಆದ ಕೂಡಲೇ ಅವಳು ಕತ್ತರಿ ಹಿಡಿದು ಬಂದು ಚಹಾಕ್ಕೆ ಕತ್ತರಿಸಿಕೊಳ್ಳುತ್ತಾಳೆ. ಕುಡಿದ ಲೋಟ ನನ್ನ ಮುಂದಿಡುತ್ತಾಳೆ.