ಮಾವನವರ ಅಲ್ಯೂಮಿನಿಯಂ ಅಂಚು

ನಮ್ಮ ಮಾವನವರು ನನ್ನನ್ನು ಸೊಸೆಯಾಗಿ ಆರಿಸಿದ್ದು ನನ್ನ ಮುಖ ನೋಡಿ ಅಲ್ಲ, ನಮ್ಮ ಮನೆಯ ಸೂರು ನೋಡಿ! ಹೆಣ್ಣು ನೋಡಲು ಹುಣಸೂರಿನಿಂದ ಕೃಷ್ಣರಾಜನಗರಕ್ಕೆ ಬಂದವರು, ಉಪ್ಪಿಟ್ಟಿನ ತಟ್ಟೆ ಹಿಡಿದೇ ಅಂಗಳಕ್ಕಿಳಿದು ಕತ್ತೆತ್ತಿ ನಿಂತರು. "ಹುಡುಗಿ ಒಪ್ಗೆಯಾ?" ಎಂದು ನಮ್ಮಪ್ಪ ಅಳುಕುತ್ತ ಕೇಳಿದರೆ, "ಸೂರಿನ ಹಲಗೆ ಒಂದೂ ಲಡ್ಡಾಗಿ ಕೊಳೆತಿಲ್ಲ ಕಣ್ರೀ. ಒಳ್ಳೆ ಮನೆತನ" ಎಂದರು.

ಅವರ ಸೂರಿನ ಕಥೆಯೇ ಬೇರೆ. ಹೆಂಚಿನಿಂದ ಇಳಿದ ನೀರು ಹಲಗೆಯನ್ನು ನೆಕ್ಕಿಕೊಂಡು ಒಳಮುಖವಾಗಿ ಹರಿದು, ಮರವೆಲ್ಲ ನೆನೆಸಿಟ್ಟ ಅವಲಕ್ಕಿಯಂತಾಗಿತ್ತು. ನಾನು ಬಂದ ವರ್ಷ ಅದರದೊಂದು ತುಂಡು ಜಗಲಿಯಲ್ಲಿ ಕೂತಿದ್ದ ಅತ್ತೆಯ ಮಗ್ಗುಲಿಗೇ ಬಿತ್ತು. ಕಣ್ಣು ಕಾಣದ ಅವರು ಮಳೆ ಬಂದಾಗಲೆಲ್ಲ ಅಲ್ಲೇ ಕೂತು, ಕೈ ಚಾಚಿ ಹನಿ ಹಿಡಿಯುತ್ತಿದ್ದರು. ತುಂಡು ಬಿದ್ದ ಸದ್ದಿಗೆ "ಯಾರು ಬಂದ್ರು?" ಎಂದು ಕೇಳಿದರು. ನಾವೆಲ್ಲ ನಕ್ಕೆವು. ಮಾವ ನಗಲಿಲ್ಲ.

ಮರುವಾರವೇ ಮೈಸೂರಿನಿಂದ ಬಸ್ಸಿನ ಟಾಪಿನ ಮೇಲೆ ಅಲ್ಯೂಮಿನಿಯಂ ತಗಡು ಬಂತು. ಹೊಸ ಹಲಗೆಯ ಅಂಚಿಗೆ ಅದನ್ನು ಹೊದಿಸಿ, ತುದಿಯನ್ನು ಉಗುರಿನಷ್ಟು ಹೊರಕ್ಕೆ ಬಗ್ಗಿಸಿದರೆ ನೀರು ದೂರ ಬೀಳುತ್ತದೆಂಬುದು ಅವರ ಸಿದ್ಧಾಂತ. ಗುರುತು ಹಾಕಲು ನನ್ನ ಕಾನ್ವೆಂಟಿನ ಮರದ ಸ್ಕೇಲು ಹೋಯಿತು. ಬಗ್ಗಿಸಲು ಮುದ್ದೆ ತಿರುವುವ ಕೋಲೂ ಹೋಯಿತು.

"ಮಾವಾ, ಮುದ್ದೆಗೇನು ಮಾಡಲಿ?"

"ಅನ್ನ ಮಾಡು ಕಣಮ್ಮ. ಮನೆ ನಿಂತ್ರೆ ಮುದ್ದೆ ನಾಳೆನೂ ತಿನ್ಬೋದು."

ಮೂರು ದಿನ ಅನ್ನವನ್ನೇ ತಿಂದೆವು. ಸಂಜೆ ಬಿಸಿಲಿಗೆ ಸೂರು ಮಿನುಗಿದಾಗ ಎದುರುಮನೆಯವರು, "ಏನ್ ಯಜಮಾನ್ರೇ, ಮನೆಗೆ ಬೆಳ್ಳಿ ಡಾಬು ತೊಡಿಸ್ತಿದ್ದೀರಾ?" ಎಂದರು.

"ಊಂ ಕಣಪ್ಪ. ನಿಮ್ಮನೆ ಸೊಂಟದ ಅಳತೆನೂ ಕೊಡು."

ಮಳೆ ಬಂತು. ಹನಿಗಳು ಮಣಿಸರದಂತೆ ಜಗಲಿಯಾಚೆಗೆ ಇಳಿದವು. ಹಲಗೆ ಒಣಗಿಯೇ ಇತ್ತು. ಮಾವ ಕೈಕಟ್ಟಿ ನಿಂತಿದ್ದರು. ಆ ಹನಿಗಳ ಪರದೆಯ ಹಿಂದೆ ಬೀದಿ, ಎತ್ತಿನಗಾಡಿ, ಎದುರುಮನೆ ಎಲ್ಲ ನೀರಲ್ಲಿ ತೇಲುವಂತೆ ಕಂಡು, ಒಲೆಯ ಮೇಲಿನ ಹಾಲನ್ನೇ ಮರೆತೆ.

ಅತ್ತೆ ಎಂದಿನಂತೆ ಅಂಗೈ ಚಾಚಿದರು. ಬಳೆ ಸರಿಸಿಕೊಂಡು ಇನ್ನಷ್ಟು ಚಾಚಿದರು.

"ರೀ, ಮಳೆ ಸದ್ದು ಮಾತ್ರ ಅದೆ. ಕೈಗೆ ಸಿಗ್ತಾ ಇಲ್ವಲ್ಲ?"

ಮಾವ ಆ ಮಳೆಯಲ್ಲೇ ಏಣಿ ಹಾಕಿ, ಅತ್ತೆ ಕೂರುವ ಜಾಗದ ನೇರಕ್ಕೆ ಒಂದು ಗೇಣು ತಗಡನ್ನು ಕತ್ತರಿಸಿ ತೆಗೆದರು.

"ಮಾವಾ, ಅಷ್ಟು ಹಲಗೆ ಮತ್ತೆ ಕೊಳೆಯುತ್ತಲ್ಲ?"

"ಕೊಳೀಲಿ ಬುಡಮ್ಮ. ವರ್ಷಕ್ಕೊಂದು ಹೊಸದು ಹಾಕ್ತೀನಿ."

ಅತ್ತೆಯ ಅಂಗೈ ಆಗಲೇ ತುಂಬಿತ್ತು.