ಅಳಿಯನ ಹೆಸರು, ತಾಮ್ರದ ಕೆಂಪು

ಜಿಂಗ್ದೆಜೆನ್‌ನ ಪಿಂಗಾಣಿ ಕಾರ್ಖಾನೆ ಸೇರಿದ ಮೊದಲ ದಿನವೇ ನಾನು ಎರಡು ಡ್ರ್ಯಾಗನ್‌ಗಳನ್ನು ಕೊಂದೆ. ಇನ್ನೂ ಸುಡದ ಧೂಪಪಾತ್ರೆಯ ಮೇಲೆ ಬೂದು ಬೂದಾಗಿ ಏನೋ ಕೊಳೆ ಕಂಡಿತು. ಹೊಸಬ, ಚುರುಕು ತೋರಿಸೋಣವೆಂದು ಒದ್ದೆ ಸ್ಪಂಜಿನಿಂದ ಒರೆಸಿಬಿಟ್ಟೆ. ಭಟ್ಟಿ ಹೊಕ್ಕು ಬಂದರೆ ಆ ಕೊಳೆಯೇ ನೀಲಿ ಚಿತ್ರವಾಗುತ್ತದೆಂದು ನನಗೇನು ಗೊತ್ತು? (ನಮ್ಮ ಮನೆತನದ ಹೆಸರು ತು. ಅದಕ್ಕೆ ಬಣ್ಣ ಬಳಿಯುವುದು ಎಂದೂ ಅರ್ಥ, ಬರೆದದ್ದನ್ನು ಅಳಿಸುವುದು ಎಂದೂ ಅರ್ಥ. ನಾನು ಎರಡನೆಯದರಿಂದ ಶುರುಮಾಡಿದೆ.) ಎರಡು ದಿನ ಕೂತು ಆ ಡ್ರ್ಯಾಗನ್‌ಗಳನ್ನು ಬರೆದಿದ್ದ ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಭಟ್ಟಿಯ ಕಡೆಯಿಂದ ಒಬ್ಬಳು ಕಿಸಕ್ಕನೆ ನಕ್ಕಳು. ಭಟ್ಟಿಗೆ ಪಾತ್ರೆ ಜೋಡಿಸುವ ಸುಯಿಂಗ್. ಆ ನಗುವನ್ನೇ ಮದುವೆಯಾದೆ.

ನಾಲ್ಕು ವರ್ಷದಲ್ಲಿ ಕುಂಚ ಕುದುರಿತು, ಹೆಸರು ಕುದುರಲಿಲ್ಲ. ಅತ್ತೆಯ ಊರಿನಲ್ಲಿ ನಾನು 'ಸುಯಿಂಗ್ ಗಂಡ', ಅಷ್ಟೇ. ನಾಯಿಯನ್ನೂ ಹೆಸರು ಹಿಡಿದು ಕರೆಯುವ ಜನ! ಹಾಗಾಗಿ ಊರ ಗುಡಿಗೆ ಹೊಸ ಧೂಪಪಾತ್ರೆ ಬೇಕೆಂದು ಅತ್ತೆ ಹೇಳಿದಾಗ ನನ್ನಲ್ಲಿ ಮಹದಾಲೋಚನೆಯೊಂದು ಉದಯಿಸಿತು. ಪಾತ್ರೆಯ ಮೇಲೆ ಕೊಟ್ಟವರ ಹೆಸರು ಬರೆಯುವುದು ಪದ್ಧತಿ ತಾನೆ?

ಮೋಡ, ಕಮಲ, ಅದೃಷ್ಟದ ಬಾವಲಿ ಎಲ್ಲ ನೀಲಿಯಲ್ಲಿ. ಎದುರಿಗೇ, ಬೆರಳುದ್ದದ ಅಕ್ಷರಗಳಲ್ಲಿ, ತಾಮ್ರದ ಕೆಂಪಿನಲ್ಲಿ: 'ಭಕ್ತಾಗ್ರೇಸರ ತು ಬೋಲಿನ್'. ಹಿಂಬದಿಯಲ್ಲಿ ಉಳಿದ ಚೂರು ಜಾಗಕ್ಕೆ, ಉಳಿದ ಚೂರು ನೀಲಿಯಲ್ಲಿ: 'ಫಂಗ್ ಸುಯಿಂಗ್'.

"ಅಲ್ಲಯ್ಯಾ, ನನ್ನ ಹೆಸರು ಗೋಡೆಗೆ ಮುಖ ಮಾಡಿ ಕೂತಿದೆಯಲ್ಲ?"

"ದೇವರು ಇರೋದು ಆ ಕಡೆ ತಾನೆ? ನಿನ್ನ ಹೆಸರು ದೇವರಿಗೆ, ನನ್ನದು ಜನಕ್ಕೆ."

"ಓಹೋ, ಮಹಾತ್ಯಾಗಿ! ಕೆಂಪನ್ನ ನಂಬಬೇಡ ಕಣಯ್ಯಾ. ಭಟ್ಟೀಲಿ ಚೂರು ಗಾಳಿ ತಗುಲಿದ್ರೆ ಹಾರಿಹೋಗುತ್ತೆ."

"ಒಳ್ಳೇ ಜಾಗದಲ್ಲಿ ಇಡೋಕೆ ನೀನಿದ್ದೀಯಲ್ಲ!"

ಅವಳು ಮಾತಿಲ್ಲದೆ ಪಾತ್ರೆ ಎತ್ತಿಕೊಂಡು ಹೋದಳು. ಆ ಮೌನವನ್ನು ಒಪ್ಪಿಗೆಯೆಂದು ತಿಳಿದೆ. (ಮದುವೆಯಾಗಿ ನಾಲ್ಕು ವರ್ಷವಾದವನು ಮಾಡುವ ತಪ್ಪಲ್ಲ ಇದು.)

ಭಟ್ಟಿ ತೆರೆದಾಗ ಬಾವಲಿಗಳು ಹೊಳೆಯುತ್ತಿದ್ದವು, ಸುಯಿಂಗ್‌ಳ ಹೆಸರು ಕಡುನೀಲಿ. ನನ್ನ ಹೆಸರಿದ್ದ ಜಾಗ ಮಾತ್ರ ತೊಳೆದಿಟ್ಟ ತಟ್ಟೆಯಂತೆ ಬೆಳ್ಳಗೆ! ಅಳಿಯ ಅಳಿದಿದ್ದ.

ಗುಡಿಯಲ್ಲಿ ಅತ್ತೆ ಪಾತ್ರೆಯನ್ನು ತಿರುಗಿಸಿ ಮಗಳ ಹೆಸರನ್ನು ಮುಂದಕ್ಕೆ ತಂದರು. "ನಮ್ಮ ಅಳಿಯ ನೋಡಿ, ಎಂಥ ವಿನಯ! ತನ್ನ ಹೆಸರೇ ಬರ್ಕೊಂಡಿಲ್ಲ."

"ಹೌದಾ? ಹೆಸರೇನಂತೆ?" ಎಂದರು ಒಬ್ಬ ಅಜ್ಜ. ನಾನು ಬಾಯಿ ತೆರೆದೆ.

"ಅಯ್ಯೋ, ಹೆಸರು ಯಾಕೆ ಬಿಡಿ. ಸುಯಿಂಗ್ ಗಂಡ," ಎಂದರು ಅತ್ತೆ.

ಮೂರು ಊದುಬತ್ತಿ ಸಿಗಿಸಿ ಮೂರು ಸಲ ಬಾಗುತ್ತ, ಪಕ್ಕದಲ್ಲಿ ಬಾಗುತ್ತಿದ್ದವಳನ್ನು ಮೆಲ್ಲಗೆ ಕೇಳಿದೆ: "ದೇವರ ಮುಂದೆ ನಿಜ ಹೇಳು. ಬೇಕಂತಲೇ ಗಾಳಿ ಬರೋ ಕಡೆ ಇಟ್ಟೆಯಾ?"

"ಹೂಂ. ಆ ಜಾಗ ಹುಡುಕೋಕೆ ಅರ್ಧ ಗಂಟೆ ಹಿಡೀತು."