ಲಕ್ಸೆಂಬರ್ಗಿನ ರೈಲಿನಲ್ಲಿ ನಾನೊಬ್ಬಳೇ

ಪರವೂರಿಗೆ ಹೋದರೆ ಫಜೀತಿಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಈ ಸಲವಂತೂ ಒಂದೇ ದಿನ ಸಾಲುಗಟ್ಟಿ ಬಂದವು.

ನಾನು ಮಿಶಿಗನ್‌ನ ಟ್ರಾಯ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಅನ್ನ ಕೊಡುವುದು ಕಾರೇ ಆದರೂ, ಒಮ್ಮೆ ಹಿಮದಲ್ಲಿ ಕಾರು ಗಿರಕಿ ಹೊಡೆದ ಮೇಲೆ ಫ್ರೀವೇ ಎಂಬ ಹೆದ್ದಾರಿ ಹತ್ತುವ ಧೈರ್ಯ ಹೋಯಿತು. ಹದಿನಾಲ್ಕು ವರ್ಷಗಳಿಂದ ಯಜಮಾನರೇ ನನ್ನ ಸಾರಥಿ. ಹೀಗಿರುವಾಗ ಆಫೀಸಿನವರು ಒಂದು ವಾರದ ಕೆಲಸಕ್ಕೆಂದು ಪುಟ್ಟ ದೇಶ ಲಕ್ಸೆಂಬರ್ಗಿಗೆ ಕಳಿಸಿದರು. ಅಲ್ಲಿನ ಆಫೀಸಿನವರು "ಇಲ್ಲೇ ಒಂದು ವರ್ಷ ಇರ್ತೀರಾ? ಸೋಮವಾರ ಹೇಳಿ" ಅಂದುಬಿಟ್ಟರು.

ಆ ಕೆಲಸ ನನಗೆ ಬೇಕೇ ಬೇಕಿತ್ತು. ಆದರೆ ಕರೆದುಕೊಂಡು ಹೋಗುವವರಿಲ್ಲದೆ ನಾನು ಓಡಾಡಬಲ್ಲೆನೇ? ಭಾನುವಾರ ನನಗೆ ನಾನೇ ಪರೀಕ್ಷೆ ಇಟ್ಟುಕೊಂಡೆ. ರೈಲು ಹತ್ತಿ, ದೇಶದ ಉತ್ತರದ ತುದಿ ನೋಡಿ, ಒಬ್ಬಳೇ ವಾಪಸ್ ಬರಬೇಕು.

ಕೌಂಟರ್ ಎಲ್ಲಿದೆ?

ಹನ್ನೆರಡೂವರೆಯ ರೈಲಿಗೆ ಹತ್ತೂವರೆಗೇ ಹಾಜರಾದೆ. ಡೆಟ್ರಾಯ್ಟ್ ಏರ್‌ಪೋರ್ಟಿನ ಅಭ್ಯಾಸ. ಶೂ ಲೇಸ್ ಸಡಿಲ ಮಾಡಿಕೊಂಡು ಸ್ಟೇಷನ್ನಿನ ಆ ತುದಿಯಿಂದ ಈ ತುದಿವರೆಗೆ ಸೆಕ್ಯೂರಿಟಿ ಚೆಕ್ ಹುಡುಕಿದೆ. ಸಿಗಲಿಲ್ಲ. ಕೊನೆಗೆ ಸಮವಸ್ತ್ರದ ಹೆಂಗಸೊಬ್ಬಳನ್ನು ನಿಲ್ಲಿಸಿದೆ.

"ಟಿಕೆಟ್ ಎಲ್ಲಿ ಕೊಡ್ತಾರೆ?"

"ಟಿಕೆಟ್ ಬೇಡ. ದೇಶದೊಳಗೆ ಎಲ್ಲಿಗೆ ಹೋದರೂ ಪುಕ್ಕಟೆ."

ನನಗೆ ನಂಬಿಕೆ ಬರಲಿಲ್ಲ. "ಆದರೆ ನಾನು ಈ ದೇಶದವಳಲ್ಲ."

"ರೈಲಿಗೆ ಅದು ಗೊತ್ತಾಗಲ್ಲ" ಅಂದಳು.

ತಟ್ಟೆಯೋ ತಿಂಡಿಯೋ

ಊರು ದಾಟುತ್ತಿದ್ದಂತೆ ಸೇತುವೆ, ಕೆಳಗೆ ಆಳದ ಕಣಿವೆ, ಅದರಾಚೆ ಬಂಡೆಗೆ ಅಂಟಿಕೊಂಡ ಕೋಟೆಯ ಗೋಡೆ. ಒಂದು ಸುರಂಗ ದಾಟಿದರೆ ಹೊಳೆ ಬಲಕ್ಕೆ, ಇನ್ನೊಂದು ದಾಟಿದರೆ ಎಡಕ್ಕೆ. ಇಡೀ ದೇಶದ ಉದ್ದ ಟ್ರಾಯ್‌ನಿಂದ ಆ್ಯನ್ ಆರ್ಬರ್‌ಗೆ ಕಾರಿನಲ್ಲಿ ಒಂದು ಗಂಟೆ ಹೋದಷ್ಟು, ಅಷ್ಟರಲ್ಲೇ ಇಷ್ಟೆಲ್ಲ ಹೇಗೆ ಹಿಡಿಸಿದರೋ! ಬಾಯಿ ತೆರೆದು ನೋಡಿದ್ದೇ ನೋಡಿದ್ದು.

ರೈಲು ಹತ್ತಿದ ಮೇಲೆ ಬುತ್ತಿ ಬಿಚ್ಚದಿದ್ದರೆ ನಮ್ಮ ಧಾರವಾಡದ ಕಡೆಯವರಿಗೆ ಪ್ರಯಾಣ ಅನ್ನಿಸುವುದೇ ಇಲ್ಲ. ಟ್ರಾಯ್‌ನಿಂದ ತಂದ ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದೆ. ಬೋಗಿಯಲ್ಲಿ ಯಾರೂ ಪಿಟ್ಟೆನ್ನುತ್ತಿರಲಿಲ್ಲ. ರೊಟ್ಟಿ ಮುರಿದೆ. ಕಟಂ! ಆರು ತಲೆಗಳು ತಿರುಗಿದವು.

ಇನ್ನು ಎದುರಿನವರಿಗೆ ಕೊಡದೆ ತಿನ್ನುವುದುಂಟೇ? ಮುಂದಿನ ಸೀಟಿನ ಅಜ್ಜಿಗೆ ಅರ್ಧ ರೊಟ್ಟಿಯ ಮೇಲೆ ಚಟ್ನಿಪುಡಿ ಹಾಕಿ ಕೊಟ್ಟೆ. ಅವರು ಬೆರಳಿನಿಂದ ತಟ್ಟಿ ನೋಡಿದರು.

"ಇದು ತಟ್ಟೆಯೋ, ತಿಂಡಿಯೋ?"

"ಮೊದಲು ತಟ್ಟೆ, ಆಮೇಲೆ ತಿಂಡಿ" ಅಂದೆ.

ತಪ್ಪೊಪ್ಪಿಗೆ

ಅಜ್ಜಿ ಇಳಿದು ಹೋದರು. ನಾನು ಕಿಟಕಿಗೆ ಮೂಗು ಒತ್ತಿಕೊಂಡು ಬೆಟ್ಟ ನೋಡುತ್ತಾ ಕೂತೆ. ನಾನು ಇಳಿಯಬೇಕಾಗಿದ್ದ, ಆ ದೇಶದ ಕೊನೆಯ ಸ್ಟೇಷನ್ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಫೋನ್ ಟಿಣ್ ಅಂದಿತು: ಬೆಲ್ಜಿಯಂಗೆ ಸ್ವಾಗತ.

ಗೇಟಿಲ್ಲ, ಬೇಲಿಯಿಲ್ಲ, ನಾನು ಇನ್ನೊಂದು ದೇಶದಲ್ಲಿ! ಗ್ರೀನ್ ಕಾರ್ಡಿಗೆ ಹನ್ನೊಂದು ವರ್ಷ ಕಾದವಳು ನಾನು. ಗಡಿ ಅಂದರೆ ಸಿಟಿಜನ್ ಆದ ಮೇಲೂ ಕೈ ತಾನಾಗಿ ಕಾಗದ ಹುಡುಕುತ್ತದೆ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಪ್ಲಾಟ್‌ಫಾರ್ಮಿನಲ್ಲಿದ್ದ ಕಂಡಕ್ಟರಿಗೆ ಪಾಸ್‌ಪೋರ್ಟ್, ಅದರ ಜೆರಾಕ್ಸ್, ಆಫೀಸಿನ ಪತ್ರ ಎಲ್ಲ ಒಪ್ಪಿಸಿದೆ.

"ಸರ್, ಸ್ಟಾಂಪ್ ಹಾಕಿಸದೆ ನಿಮ್ಮ ದೇಶದೊಳಗೆ ಬಂದುಬಿಟ್ಟಿದೀನಿ. ಬೇಕಂತ ಮಾಡಿದ್ದಲ್ಲ."

ಆತ ಕಾಗದಗಳನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಹಳಿಯಾಚೆ ಮೇಯುತ್ತಿದ್ದ ಹಸುಗಳನ್ನು ತೋರಿಸಿದ. "ಅವು ಬೆಳಿಗ್ಗೆ ಆ ದೇಶದಲ್ಲಿ, ಸಂಜೆ ಈ ದೇಶದಲ್ಲಿ ಮೇಯ್ತವೆ. ಮೊದಲು ಅವುಗಳನ್ನ ಹಿಡೀಬೇಕು."

ಗಡಿಯೊಂದು ಹೀಗೂ ಇರಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ. ಕಣ್ಣು ತುಂಬಿತು. ಆತ ಕಾಗದ ವಾಪಸ್ ಕೊಟ್ಟು, "ಆದರೆ ಪುಕ್ಕಟೆ ಅನ್ನೋದು ಆ ಕಡೆ ಮಾತ್ರ. ಈ ಕಡೆ ಟಿಕೆಟ್ ತಗೋಬೇಕು" ಅಂದ.

ಅಲ್ಲೇ ನಿಂದ್ರು

ವಾಪಸ್ ರೈಲಿಗೆ ಇನ್ನೂ ಒಂದು ಗಂಟೆ. ಕಂಡಕ್ಟರ್ ತನ್ನ ರೈಲು ಹತ್ತಿ ಹೋದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ನರಪಿಳ್ಳೆ ಇಲ್ಲ. ಬೆರಗೆಲ್ಲ ಇಳಿದು ಹೆದರಿಕೆ ಹತ್ತಿತು. ಅಷ್ಟರಲ್ಲಿ ಶಿಕಾಗೋದಿಂದ ಮಗಳ ಫೋನು. ನಾನು ಎಲ್ಲಿದ್ದೇನೆಂದು ಅವಳ ಫೋನಿನಲ್ಲಿ ಕಾಣುತ್ತದೆ.

"ಅಮ್ಮಾ, ವೈ ಆರ್ ಯು ಇನ್ ಬೆಲ್ಜಿಯಂ? ಐ ಟೋಲ್ಡ್ ಡ್ಯಾಡ್."

ಅವಳು ಇಟ್ಟ ಕೂಡಲೇ ಟ್ರಾಯ್‌ನಿಂದ ಯಜಮಾನರು. "ಎಲ್ಲಿದ್ದೀ?"

"ಬೆಲ್ಜಿಯಂನ್ಯಾಗ. ಯಾರೂ ಇಲ್ರೀ ಇಲ್ಲಿ."

"ಅಲ್ಲೇ ನಿಂದ್ರು. ಎಲ್ಲೂ ಹೋಗಬ್ಯಾಡ. ನಾ ಬಂದೆ!"

ಫೋನಿನಲ್ಲಿ ಕೀಲಿಕೈ ಸದ್ದು, ಗ್ಯಾರೇಜಿನ ಬಾಗಿಲು ಏಳುವ ಗುರುಗುರು, ಕಾರು ಸ್ಟಾರ್ಟ್ ಆದದ್ದು. ಸುಳ್ಳೇಕೆ ಹೇಳಲಿ, ನನಗೂ ಒಂದು ಗಳಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ನೆನಪಾಯಿತು.

"ರೀ, ನಡುವ ಸಮುದ್ರ ಐತ್ರೀ."

ಅತ್ತ ಕಡೆ ಎಂಜಿನ್ ಇನ್ನೂ ಗುರುಗುಡುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸುವಷ್ಟರಲ್ಲಿ ಹೆದರಿಕೆಯೂ ಹೋಗಿತ್ತು.

"ಇನ್ನೊಂದು ತಾಸಿಗೆ ರೈಲು ಐತಿ, ನಾನ ಹೋಗ್ತೀನಿ. ಆ ಒಂದು ವರ್ಷದ ಕೆಲಸಕ್ಕ ನಾಳೆ ಆಫೀಸ್ನ್ಯಾಗ ಹೂಂ ಅಂತೀನ್ರೀ" ಅಂದೆ.

"ಆತು, ಅನ್ನು" ಅಂದರು. ಆಮೇಲೆ ಕೇಳಿದರು: "ಅಲ್ಲ, ಕಾರ್ ಸ್ಟಾರ್ಟ್ ಮಾಡಿಬಿಟ್ಟೀನಿ. ಈಗ ನಾ ಎಲ್ಲಿಗೆ ಹೋಗ್ಲಿ?"